ಕೋಂ, ಬಿನ್ ಮತ್ತು ಹುತಾತ್ಮನ ಮನೆ

ಮಾನ್ಯರೇ,

ಕಾರ್ಗಿಲ್ ವಿಜಯ ದಿವಸ ಬಂದಾಗಲೆಲ್ಲ ಪತ್ರಿಕೆಗಳು ಹುತಾತ್ಮನ ಹಿನ್ನೆಲೆಯನ್ನು ‘ಬಡ ಕೃಷಿಕ ಕುಟುಂಬ’ ಎಂದು ಮೂರೇ ಪದದಲ್ಲಿ ಮುಗಿಸುತ್ತವೆ. ಸೈನಿಕರ ಸೇವಾ ದಾಖಲೆ ಇಡುವ ಸೇನೆಯ ರೆಕಾರ್ಡ್ ಆಫೀಸಿಗೆ ಅಷ್ಟು ಸಾಲದು. ಅವರು ನೋಡುವುದು ಹೆಸರು, ಸಂಬಂಧ, ಹುಟ್ಟಿದ ದಿನಾಂಕ.

ಮಲೆನಾಡಿನಲ್ಲಿ ಎಡವುವುದೇ ಇಲ್ಲಿ. ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಾಯಿ ‘ಸಾವಿತ್ರಮ್ಮ’, ಆಧಾರ್‌ನಲ್ಲಿ ‘ಸಾವಿತ್ರಿ’, ಪಹಣಿಯಲ್ಲಿ ‘ಸಾವಿತ್ರಮ್ಮ ಕೋಂ ತಿಮ್ಮಪ್ಪ’ (ಕೋಂ ಎಂದರೆ ಇಂಥವರ ಹೆಂಡತಿ, ಬಿನ್ ಎಂದರೆ ಇಂಥವರ ಮಗ). ಊರಿಗೆಲ್ಲ ಒಬ್ಬಳೇ ಹೆಂಗಸು, ಕಡತಕ್ಕೆ ಮೂವರು! ಪಿಂಚಣಿ ಅಲ್ಲೇ ನಿಲ್ಲುತ್ತದೆ. ಜಮೀನು ಇನ್ನೂ ಅಜ್ಜನ ಹೆಸರಲ್ಲಿದ್ದರೆ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ವಂಶವೃಕ್ಷ ಅಂತ ನಾಡಕಚೇರಿ ಅಲೆದಾಟ ಬೇರೆ.

ಯುದ್ಧದಲ್ಲಿ ಮಡಿದವನ ಹೆಂಡತಿಗೆ ಉದಾರೀಕೃತ ಕುಟುಂಬ ಪಿಂಚಣಿಯಾಗಿ ಆತನ ಕೊನೆಯ ವೇತನದಷ್ಟೇ ಮೊತ್ತ ಸಿಗುತ್ತದೆ. ಆತ ಅವಿವಾಹಿತನಾಗಿದ್ದರೆ ಅದರ ಶೇ 75ರಷ್ಟು ತಂದೆ–ತಾಯಿಗೆ, ಒಬ್ಬರೇ ಇದ್ದರೆ ಶೇ 60. ಆದರೆ ರಜೆಯಲ್ಲಿ ಬಂದು ದೇವಸ್ಥಾನದಲ್ಲಿ ಮದುವೆಯಾಗಿ, ನೋಂದಣಿ ಮಾಡಿಸದೆ, ಯೂನಿಟ್‌ಗೂ ತಿಳಿಸದೆ ಹೋದ ಹುಡುಗ ಕಾಗದದ ಮೇಲೆ ಅವಿವಾಹಿತನೇ. ಆಮೇಲೆ ಅತ್ತೆ–ಸೊಸೆ ನಡುವೆ ಹುಟ್ಟುವ ಜಗಳಕ್ಕೆ ಮೂಲ ಇದೇ.

ಮಗ ರಜೆಗೆ ಬಂದಾಗಲೇ ಅಂಕಪಟ್ಟಿ, ಆಧಾರ್, ಪ್ಯಾನ್, ಪಾಸ್‌ಬುಕ್ಕುಗಳನ್ನು ಒಟ್ಟಿಗಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಆಗಲೇ ತಿದ್ದಿಸಿ. ಮದುವೆ, ಮಗುವಿನ ಜನನ ಯೂನಿಟ್‌ನ ‘ಪಾರ್ಟ್ ಟೂ ಆರ್ಡರ್’ನಲ್ಲಿ (ಇಂಥ ವಿವರವನ್ನು ಸೈನಿಕನ ಸೇವಾ ದಾಖಲೆಗೆ ಸೇರಿಸುವ ಆದೇಶ) ದಾಖಲಾಗಿದೆಯೇ ಎಂದು ಅವನನ್ನೇ ಕೇಳಿ, ಅದರ ಒಂದು ಪ್ರತಿ ಮನೆಯ ಪೆಟ್ಟಿಗೆಯಲ್ಲಿರಲಿ.

– ಕೆಲವು ಮಾಜಿ ಸೈನಿಕರು, ತೀರ್ಥಹಳ್ಳಿ ತಾಲ್ಲೂಕು