ಜೇನುಮೇಣದ ಜೊತೆ ಒಂದು ಕಾಗದ

ಮಲ್ಲೇಶ್ವರ, ಬೆಂಗಳೂರು
ಭಾನುವಾರ ಬೆಳಿಗ್ಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಈ ಪೊಟ್ಟಣದಲ್ಲಿ ಕೊಡಗಿನಿಂದ ತರಿಸಿದ ಜೇನುಮೇಣದ ಉಂಡೆ ಇದೆ, ನಿನ್ನ ಬಿಲ್ಲಿಗೆ ಒಂದು ಹೊಸ ಸ್ಟ್ರಿಂಗ್, ಅಂದರೆ ಹೆದೆ, ಇದೆ. ವಿಷಯ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು "ಹ್ಞೂಂ ದೊಡ್ಡಪ್ಪಾ" ಅನ್ನುತ್ತಾ ಬೇರೆ ಏನೋ ನೋಡುತ್ತಿರುತ್ತೀಯ. ಇದನ್ನು ಬಿಲ್ಲಿನ ಬ್ಯಾಗಿನಲ್ಲೇ ಇಟ್ಟುಕೋ.

ಮೊದಲು ಆ ಕ್ರಾಸ್‌ಬೋ, ಅದೇ ಬಂದೂಕಿನ ಹಾಗೆ ಹಿಡಿದು ಬಾಣ ಬಿಡುವ ಅಡ್ಡಬಿಲ್ಲಿನ ವಿಷಯ ಮುಗಿಸೋಣ. ಯಾವುದೋ ವಿಡಿಯೊ ನೋಡಿ ಅದು ಬೇಕೇ ಬೇಕು ಅಂತ ಹಟ ಹಿಡಿದಿದ್ದೀಯಂತೆ, ನಿಮ್ಮಪ್ಪ ಹೇಳಿದ. ಬೇಡ ಕಣಮ್ಮ. ಅದು ಬೇಟೆಯ ಸಾಮಾನು. 1972ರ ವನ್ಯಜೀವಿ ಕಾಯ್ದೆ ಇರುವ ನಮ್ಮ ದೇಶದಲ್ಲಿ ಅದನ್ನಿಟ್ಟುಕೊಂಡು ಏನು ಮಾಡುತ್ತೀಯ? ನಾನು ಮಿಶಿಗನ್‌ನಲ್ಲಿ ನಿಮ್ಮಣ್ಣನ ಮನೆಯಲ್ಲಿದ್ದಾಗ ಪಕ್ಕದ ಮನೆಯವರ ಹತ್ತಿರ ಒಂದಿತ್ತು. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಹೊಡೆಯುತ್ತಾರೆ. ಬೇಟೆಗೆ ನಾನು ಹೋಗಲಿಲ್ಲ, ಆದರೆ ಅವರ ಗ್ಯಾರೇಜಿನಲ್ಲಿ ನಿಂತು ಸ್ಟ್ರಿಂಗಿನ ಕೆಲಸ ಮಾತ್ರ ಕಣ್ಣು ಮಿಟುಕಿಸದೆ ನೋಡಿದೆ.

ನಿನ್ನ ಬಿಲ್ಲು ಎಳೆಯಲು ಬೇಕಾದ ಬಲ 24 ಪೌಂಡು. ಅವರದು 150ಕ್ಕಿಂತ ಜಾಸ್ತಿ. ಬರೀ ಕೈಯಲ್ಲಿ ಎಳೆಯುವ ಮಾತೇ ಇಲ್ಲ, ಸಣ್ಣ ರಾಟೆ ಇರುವ ಹಗ್ಗ ಸಿಕ್ಕಿಸಿ ಎಳೆಯುತ್ತಾರೆ, ಭಾರ ಅರ್ಧಕ್ಕೆ ಇಳಿಯುತ್ತದೆ. ಹೆದೆಯ ಮೇಲೆ, ಬಾಣ ಕೂರುವ ಹಳಿಯ ಎರಡೂ ಬದಿಗೆ ಪೆನ್ನಿನಲ್ಲಿ ಗುರುತು ಹಾಕಿಕೊಂಡಿದ್ದರು. ಎಳೆದಾಗ ಒಂದು ಕಡೆ ಸ್ವಲ್ಪ ಜಾಸ್ತಿ ಬಂದರೂ ಬಾಣ ಪಕ್ಕಕ್ಕೆ ಹೋಗುತ್ತದೆ. ಹೆದೆ ಆ ಹಳಿಗೆ ಉಜ್ಜಿಕೊಂಡೇ ಓಡುವುದರಿಂದ ನಡುವೆ ಸುತ್ತಿದ ದಾರ ಬಲು ಬೇಗ ಸವೆಯುತ್ತದೆ. ಹೆದೆಗೆ ಮೇಣ, ಹಳಿಗೆ ಬೇರೆ ಎಣ್ಣೆ. ಬಿಲ್ಲಿನ ತುದಿಯಲ್ಲೇ ರಾಟೆ ಇರುವ ಮಾದರಿಯಾದರೆ ಸ್ಟ್ರಿಂಗ್ ಬಿಚ್ಚಲು ಬಿಲ್ಲನ್ನು ಒತ್ತಿ ಹಿಡಿಯುವ ಪ್ರೆಸ್ ಯಂತ್ರ ಬೇಕು, ಮನೆಯಲ್ಲಿ ಕೈ ಹಾಕುವ ಹಾಗಿಲ್ಲ. ಹಿಡಿದ ಕೈಯ ಬೆರಳು ಹಳಿಗಿಂತ ಮೇಲೆ ಬಂದರೆ ಬೆರಳೇ ಹೋಯಿತು. ಇಷ್ಟು ಸಾಕಲ್ವಾ?

ಈಗ ನಿನ್ನ ಬಿಲ್ಲು. ಹೋದ ವಾರ ನೀನು ಹೆದೆ ಏರಿಸಿದ್ದು ನೋಡಿ ನನ್ನ ಎದೆ ಧಸಕ್ ಅಂತು. ಬಿಲ್ಲಿನ ಒಳಗೆ ಕಾಲು ತೂರಿಸಿ ತೊಡೆಯಿಂದ ಬಗ್ಗಿಸುತ್ತಿದ್ದೆ. ಹಾಗೆ ಮಾಡಿದರೆ ಲಿಂಬ್, ಅಂದರೆ ಹಿಡಿಯ ಮೇಲೆ ಕೆಳಗೆ ಬಗ್ಗುವ ತೋಳು, ತಿರುಚಿಕೊಳ್ಳುತ್ತದೆ, ಒಮ್ಮೆ ತಿರುಚಿದ್ದು ಮತ್ತೆ ನೆಟ್ಟಗಾಗುವುದು ಕಷ್ಟ. ಹೆದೆ ಏರಿಸಲೆಂದೇ ಇರುವ ಸ್ಟ್ರಿಂಗರ್ ಹಗ್ಗ ಬ್ಯಾಗಿನಲ್ಲೇ ಇದೆ, ಅದನ್ನೇ ಬಳಸು. ಸ್ಟ್ರಿಂಗಿನ ದೊಡ್ಡ ಕುಣಿಕೆ ಮೇಲಿನ ಲಿಂಬಿಗೆ, ಚಿಕ್ಕದು ಕೆಳಗಿನದಕ್ಕೆ. ಸ್ಟ್ರಿಂಗರನ್ನು ಬಿಲ್ಲಿನ ಎರಡೂ ತುದಿಗೆ ಸಿಕ್ಕಿಸಿ, ಅದನ್ನು ತುಳಿದು ನಿಂತು, ಹಿಡಿಯನ್ನು ನೇರ ಮೇಲಕ್ಕೆ ಎತ್ತು, ದೊಡ್ಡ ಕುಣಿಕೆಯನ್ನು ಜಾರಿಸಿ ಕಚ್ಚಿಗೆ ಕೂರಿಸು. ಹಗ್ಗ ತೆಗೆಯುವ ಮೊದಲು ಎರಡೂ ತುದಿ ನೋಡು. ರಾಮ ಹೆದೆ ಏರಿಸಲು ಹೋಗಿ ಬಿಲ್ಲು ಮುರಿದ, ಅವನಿಗೆ ಸೀತೆ ಸಿಕ್ಕಳು. ನೀನು ಮುರಿದರೆ ನಿಮ್ಮಪ್ಪನಿಂದ ಬೈಗುಳ ಸಿಗುತ್ತದೆ.

ಆಮೇಲೆ ಅಳತೆ. ಹಿಡಿಯ ಒಳಗಿನ ಆಳದಿಂದ ಹೆದೆವರೆಗೆ ಎಷ್ಟು ದೂರ ಅಂತ ಟಿ-ಸ್ಕ್ವೇರ್ ಅನ್ನುವ ಟಿ ಆಕಾರದ ಅಳತೆಪಟ್ಟಿ ಇಟ್ಟು ನೋಡಬೇಕು. ನಿನ್ನದರ ಹಾಗೆ 68 ಇಂಚಿನ ಬಿಲ್ಲಿಗೆ ಸಾಮಾನ್ಯವಾಗಿ ಎಂಟೂವರೆಯಿಂದ ಒಂಬತ್ತು ಇಂಚು. ಬಿಲ್ಲಿನ ಜೊತೆ ಬಂದ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಕಡಿಮೆಯಾದರೆ ಹೆದೆ ಮುಂಗೈಗೆ ಬಡಿಯುತ್ತದೆ. ನಿನ್ನ ಕೈ ಮೇಲಿನ ನೀಲಿ ಬರೆಗೆ ಅದೂ ಒಂದು ಕಾರಣ ಇರಬಹುದು. ಆಗ ಕುಣಿಕೆ ಬಿಚ್ಚಿ, ಮೊದಲೇ ಇರುವ ತಿರುವಿನ ದಿಕ್ಕಿನಲ್ಲೇ ನಾಲ್ಕೈದು ಸುತ್ತು ಹಾಕು, ಮತ್ತೆ ಅಳೆ. ತಿರುವು ಹೆಚ್ಚಾದಷ್ಟು ಹೆದೆ ಗಿಡ್ಡವಾಗುತ್ತದೆ, ಅಳತೆ ಏರುತ್ತದೆ. ಹಾಗಂತ ತಿರುವುತ್ತಲೇ ಹೋಗಬೇಡ, ಹೆದೆ ಸ್ಪ್ರಿಂಗಿನ ಹಾಗೆ ಎಳೆದಾಡುತ್ತದೆ. ಸಿಕ್ಕ ಅಂಕಿಯನ್ನು ಚೀಟಿಯಲ್ಲಿ ಬರೆದು ಬ್ಯಾಗಿಗೆ ಅಂಟಿಸು. ಪ್ರತಿದಿನ ಮೊದಲ ಬಾಣಕ್ಕೆ ಮುಂಚೆ ಅಳೆ. ಉಳಿದದ್ದೆಲ್ಲ ಮರೆತರೂ ಇದನ್ನೊಂದು ಮರೆಯಬೇಡ, ಯಾಕೆಂದರೆ ಹೆದೆ ತನ್ನ ಕಾಯಿಲೆಯನ್ನು ಮೊದಲು ಆ ಅಂಕಿಯಲ್ಲೇ ಹೇಳುತ್ತದೆ. ಹೊಸ ಸ್ಟ್ರಿಂಗ್ ಮೊದಲ ನೂರು ಬಾಣದ ತನಕ ಎಳೆದುಕೊಂಡು ಕೂರುತ್ತದೆ, ಆಗ ಅಂಕಿ ಇಳಿಯುವುದು ಸಹಜ. ಹಳೆಯದರಲ್ಲಿ ದಿಢೀರ್ ಇಳಿದರೆ ಎಳೆ ಹೋಗಿದೆಯಾ ಅಂತ ಹುಡುಕು. ಒಂದೇ ಒಂದು ಎಳೆ ಕತ್ತರಿಸಿದ್ದರೂ ಆ ಸ್ಟ್ರಿಂಗ್ ಅವತ್ತೇ ತೆಗೆದುಬಿಡು.

ಮೇಣದ ವಿಷಯ. ಹೆದೆ ಒಣಗಿ ನೂಲು ನೂಲಾಗಿ ಕಂಡಾಗ ಹಚ್ಚು, ಸುಮ್ನೆ ದಿನಾ ಬಳಿಯುವುದಲ್ಲ. ಡಿಸೆಂಬರ್ ಬೆಳಗಿನ ನಮ್ಮೂರ ಚಳಿಗೆ ಈ ಮೇಣ ಗಟ್ಟಿಯಾಗಿರುತ್ತದೆ. ಹಚ್ಚಿ, ಎರಡು ಬೆರಳಲ್ಲಿ ಹಿಡಿದು ಬಿಸಿಯಾಗುವ ತನಕ ಉಜ್ಜು, ಆಗ ಒಳಗಿನ ಎಳೆಗೂ ಇಳಿಯುತ್ತದೆ. ಹೆಚ್ಚಾದದ್ದನ್ನು ಒಂದು ದಾರ ಸುತ್ತಿ ಎಳೆದರೆ ಬಂದುಬಿಡುತ್ತದೆ. ಹೆದೆಯ ನಡುವೆ ಸುತ್ತಿದ ದಾರಕ್ಕೆ, ಅಂದರೆ ಸರ್ವಿಂಗಿಗೆ, ಮೇಣ ಬೇಡ, ಬೆರಳು ಬಿಡುವ ಜಾಗ ಜಿಗುಟಾಗುತ್ತದೆ. ಆ ಸರ್ವಿಂಗ್ ಸಡಿಲವಾಗಿ ಒಳಗಿನ ಎಳೆ ಕಂಡರೆ ಕೋಚ್ ಹತ್ತಿರ ಮತ್ತೆ ಸುತ್ತಿಸು. ಸುತ್ತಿದ್ದು ಸರಿಯಾಗಿದೆಯಾ ಅಂತ ನೋಡಲು, ಹೆದೆಗೆ ಬಾಣ ಸಿಕ್ಕಿಸಿ, ಬಾಣದ ಮೂತಿ ಕೆಳಗಿರುವ ಹಾಗೆ ಬಿಲ್ಲು ಅಡ್ಡ ಹಿಡಿ. ಬಾಣ ನೇತಾಡಬೇಕು, ಹೆದೆಗೆ ಬೆರಳಲ್ಲಿ ತಟ್ಟಿದರೆ ಬೀಳಬೇಕು. ಬೀಳದಿದ್ದರೆ ಬಿಗಿ ಜಾಸ್ತಿ.

ಬಾಣ ಇಲ್ಲದೆ ಎಳೆದು ಬಿಡಬೇಡ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ವಾಪಸ್ ಲಿಂಬಿಗೇ ಬಡಿಯುತ್ತದೆ. ನಾನು ಒಮ್ಮೆ ಮನೆಯ ಅಂಗಳದಲ್ಲಿ ನಿಮ್ಮಪ್ಪನಿಗೆ ತೋರಿಸಲು ಬಿದಿರಿನ ಬಿಲ್ಲು ಹಾಗೇ ಎಳೆದುಬಿಟ್ಟೆ. ಬಿಲ್ಲು ಸೀಳಿತು, ಚೂರು ಕಿವಿಯ ಪಕ್ಕದಲ್ಲೇ ಹಾರಿತು. ಅಜ್ಜಿಗೆ ಏನು ಹೇಳುವುದು? ಹಸು ತುಳಿಯಿತು ಅಂತ ನಿಮ್ಮಪ್ಪ ಸುಳ್ಳು ಹೇಳಿದ. ನಮ್ಮ ಮನೆಯಲ್ಲಿ ಹಸುವೇ ಇರಲಿಲ್ಲ.

ಇನ್ನೊಂದು, ಮುಂದಿನ ವಾರ ಆಯುಧಪೂಜೆ. ನಿಮ್ಮಮ್ಮ ಸೈಕಲ್ಲು, ಮಿಕ್ಸಿಯ ಜೊತೆ ಬಿಲ್ಲಿಗೂ ಅರಿಶಿನ ಕುಂಕುಮ ಇಡುತ್ತಾರೆ. ಇಡಲಿ. ಹಿಡಿಯ ಮೇಲೆ ಒಂದು ಬೊಟ್ಟು ಸಾಕು. ಮೇಣ ಹಚ್ಚಿದ ಹೆದೆಗೆ ಕುಂಕುಮ ಮೆತ್ತಿದರೆ ಮತ್ತೆ ಬಿಡುವುದಿಲ್ಲ. ಪೂಜೆಗೆ ಇಡುವ ಮುಂಚೆ ಹೆದೆ ಇಳಿಸಿ, ತಿರುವು ಬಿಚ್ಚಿಹೋಗದ ಹಾಗೆ ಎರಡೂ ಕುಣಿಕೆ ಸೇರಿಸಿ ಕಟ್ಟಿ, ಪಕ್ಕಕ್ಕಿಡು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಬಿಲ್ಲು ಬಿಡಲೇಬೇಡ, ಲಿಂಬಿನ ಅಂಟು ಬಿಟ್ಟುಕೊಳ್ಳಬಹುದು.

ಕಳಿಸಿರುವ ಹೊಸ ಸ್ಟ್ರಿಂಗ್ ಪೊಟ್ಟಣದಲ್ಲೇ ಇಡಬೇಡ. ಈ ವಾರ ಅದನ್ನೇ ಹಾಕಿ ನೂರು ಬಾಣ ಬಿಡು, ಅಂಕಿ ಬರೆದುಕೋ, ಆಮೇಲೆ ತೆಗೆದು ಬ್ಯಾಗಿನಲ್ಲಿಡು. ಸ್ಪರ್ಧೆಯ ದಿನ ಹೆದೆ ಹೋದರೆ ಪಳಗಿದ ಸ್ಟ್ರಿಂಗ್ ಕೈಗೆ ಸಿಗುತ್ತದೆ. ಈಗಿರುವ ಹಳೆಯದನ್ನು ಬರುವ ಭಾನುವಾರ ನನಗೆ ತಂದು ತೋರಿಸು, ಕುಣಿಕೆ ಸವೆದಿದೆ ಅಂತ ನನಗೆ ಅನುಮಾನ. ತಿಂಡಿಗೇ ಬಾ, ದೊಡ್ಡಮ್ಮ ಅಕ್ಕಿರೊಟ್ಟಿ ಮಾಡುತ್ತಾಳಂತೆ.

ಇಂತಿ,
ನಿನ್ನ ದೊಡ್ಡಪ್ಪ