ಆರೋಗ್ಯ ಮಂತ್ರಿಗಳಿಗೆ ಬಹಿರಂಗ ಪತ್ರ: ಹೆಪಟೈಟಿಸ್ ಬಿ ಲಸಿಕಿ ಹಾಕೀರಿ, ನಾಟೇತೋ ಇಲ್ಲೋ ಯಾರು ನೋಡಾವ್ರು?

ಮಾನ್ಯ ಮಂತ್ರಿಗಳೇ, ವಿಜಯಪುರದಿಂದ ನಮಸ್ಕಾರ್ರಿ.

ನಮ್ಮಾಕಿ ಒಂದು ದವಾಖಾನ್ಯಾಗ ಹೊರಗುತ್ತಿಗಿ ಮ್ಯಾಲ ಸಫಾಯಿ ಕೆಲಸ ಮಾಡ್ತಾಳ. ದವಾಖಾನಿ ಹೆಸರು ಬರಿಯೂದಿಲ್ಲ, ಬರದ್ರ ಆಕಿ ಕೆಲಸ ಹೋಗತೈತಿ. ಭಾಳ ವರ್ಷ ನುಂಗಿಕೊಂಡು ಕುಂತಿದ್ವಿ, ಇನ್ ಆಗೂದಿಲ್ರಿ.

ರಾತ್ರಿ ಪಾಳಿ ಮುಗಿಯೂ ಹೊತ್ತಿಗೆ ದವಾಖಾನಿ ಕಸದ ಹಳದಿ ಚೀಲದ ಬಾಯಿ ಕಟ್ಟುವಾಗ ಒಳಗಿದ್ದ ಸೂಜಿ ಗ್ಲೌಸ್ ತೂರಿ ಹೆಬ್ಬೆರಳಿಗೆ ಚುಚ್ಚಿತು. ಸೂಜಿ ಹಾಕೂದು ಬಿಳಿ ಗಟ್ಟಿ ಡಬ್ಬ್ಯಾಗ, 2016ರ ದವಾಖಾನಿ ಕಸದ (ಜೈವಿಕ ವೈದ್ಯಕೀಯ ತ್ಯಾಜ್ಯ) ನಿಯಮದಾಗ ಐತಿ, ನಿಮಗ ಗೊತ್ತಿದ್ದದ್ದ. ಆ ವಾರ್ಡಿನ್ಯಾಗ ಹೆಪಟೈಟಿಸ್ ಬಿ, ಅಂದ್ರ ರಕ್ತದಿಂದ ಹತ್ತೂ ಲಿವರ್ ರೋಗದ ಪೇಶಂಟ್ ಇದ್ರು. ಸೋಪ್ ಹಚ್ಚಿ ತೊಳಕೊಂಡು ಓಡಿ ಹೋಗಿ ಹೇಳಿದ್ರ ಸಿಸ್ಟರ್ "ಲಸಿಕಿ ಆಗೇತಲ್ಲ, ಅಂಜಬ್ಯಾಡ" ಅಂದ್ರು. ಆಗೇತ್ರಿ, ಮೂರೂ ಡೋಸ್ ಆಗ್ಯಾವ. ಆದ್ರ ಡಾಕ್ಟರ್ ಬಂದು "ಟೈಟರ್ ಎಷ್ಟು ಬಂದಿತ್ತು?" ಅಂತ ಕೇಳಿದ್ರು, ಅಂದ್ರ ಲಸಿಕಿಯಿಂದ ರಕ್ತದಾಗ ತಡಿಯೂ ಶಕ್ತಿ ಎಷ್ಟು ಹುಟ್ಟೇತಿ ಅನ್ನೂ ನಂಬರ್. ಯಾರಿಗೂ ಗೊತ್ತಿಲ್ಲ, ಯಾಕಂದ್ರ ಯಾವತ್ತೂ ಯಾರೂ ನೋಡೇ ಇಲ್ಲ.

ಆಮ್ಯಾಲ ಲ್ಯಾಬಿನ್ಯಾಗ ಎಚ್‌ಬಿಎಸ್‌ಎಜಿ ಕಾರ್ಡ್ ಮ್ಯಾಲ ಒಂದು ಹನಿ ರಕ್ತ ಹಾಕಿ, ಒಂದ ಗೆರಿ ಬಂತು, ನೆಗೆಟಿವ್, ಮನೀಗ್ ಹೋಗು ಅಂದ್ರು. ಚುಚ್ಚಿ ಒಂದು ತಾಸೂ ಆಗಿದ್ದಿಲ್ಲ! ಆ ಟೆಸ್ಟ್ ನೋಡೂದು ಮೈಯಾಗ ವೈರಸ್ ಐತೋ ಅಂತ, ಹೊಸದಾಗಿ ಹತ್ತಿದ್ದು ಅದರಾಗ ಕಾಣಾಕ ವಾರಗಟ್ಟಲೆ ಬೇಕು. ನಮಗ ಬೇಕಾಗಿದ್ದು ಆಂಟಿ-ಎಚ್‌ಬಿಎಸ್, ಲಸಿಕಿಯಿಂದ ರಕ್ತದಾಗ ತಡಿಯೂ ಶಕ್ತಿ ಹುಟ್ಟೇತೋ ಇಲ್ಲೋ ಹೇಳೂ ಟೆಸ್ಟ್. ಒಂದು ಎಂಎಲ್‌ಗೆ 10 ಎಂಐಯು ಇದ್ರ ಬಚಾವ್, ಇಲ್ಲಂದ್ರ ಇಮ್ಯುನೋಗ್ಲಾಬ್ಯುಲಿನ್, ಅಂದ್ರ ತಯಾರಿದ್ದ ತಡಿಯೂ ಶಕ್ತಿ ಕೊಡೂ ಇಂಜೆಕ್ಷನ್, ಆದಷ್ಟು 24 ತಾಸಿನೊಳಗ ಬೀಳಬೇಕು. ಆ ಟೆಸ್ಟ್ ಇಲ್ಲಿ ಮಾಡಂಗಿಲ್ಲ, ಹೊರಗ ಹೋಗ್ರಿ ಅಂದ್ರು. ಹೊರಗಿನ ಲ್ಯಾಬಿನವರು ಸ್ಯಾಂಪಲ್ ಬ್ಯಾರೆ ಊರಿಗೆ ಹೋಗಬೇಕು, ರಿಪೋರ್ಟ್ ನಾಡಿದ್ದು ಅಂದ್ರು. ನಾಡಿದ್ದು ರಿಪೋರ್ಟ್ ತಗೊಂಡು ಏನ್ ಮಾಡೂದ್ರಿ? ಟೆಸ್ಟಿಗೆ ರಕ್ತ ಕೊಟ್ಟು, ರಿಪೋರ್ಟ್ ಕಾಯದ ಸಾಲ ತಂದು ಇಂಜೆಕ್ಷನ್ ಕೊಂಡು ಹಾಕಿಸಿದ್ವಿ. ಅವತ್ತಿಂದ ಆಕಿ ತನ್ನ ತಾಟು, ಲೋಟ ಬ್ಯಾರೆ ಇಟ್ಟಾಳ, ಮಗಳನ್ನ ಮಗ್ಗಲಾಗ ಮಲಗಿಸಿಕೊಳ್ಳೂದಿಲ್ಲ. ತಾಟಿನಿಂದ ಹತ್ತೂದಿಲ್ಲ ಅಂತ ಡಾಕ್ಟರ್ ಹೇಳಿದ್ರೂ ಕೇಳವಲ್ಲಳು.

ರಿಪೋರ್ಟಿನ್ಯಾಗ 4 ಬಂತು. ಮದಲಿಗೇ ನಾಟಿಲ್ಲೋ, ನಾಟಿ ಆಮ್ಯಾಲ ಇಳದೈತೋ, ಡಾಕ್ಟರ್‌ಗೂ ಹೇಳಾಕ ಆಗಲಿಲ್ಲ. ಡೋಸ್ ಮುಗದ ಒಂದೆರಡು ತಿಂಗಳಿಗೆ ನೋಡಿದ್ರ ಗೊತ್ತಾಗ್ತಿತ್ತು. ದೊಡ್ಡವರಾಗ ನೂರಕ್ಕ ಐದರಿಂದ ಹತ್ತು ಮಂದಿಗೆ ಈ ಲಸಿಕಿ ನಾಟೂದಿಲ್ಲ, ಅಂಥವರಿಗೆ ಇನ್ನೊಂದ್ಸಲ ಮೂರು ಡೋಸ್ ಕೊಡಬೇಕು ಅಂತ ನಿಮ್ಮ ಇಲಾಖೆಗೆ ನಾನು ಹೇಳಬೇಕೇನ್ರಿ?

2018ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಐತಿ, ರೋಗ ಇದ್ದವರಿಗೆ ಟೆಸ್ಟ್, ಗುಳಿಗಿ ಪುಕ್ಕಟ, ಚಲೋ ಆತು. ಕಸ ಎತ್ತಾವರಿಗೆ ಲಸಿಕಿ ಹಾಕಬೇಕು ಅಂತ ನಿಯಮದಾಗೂ ಐತಿ. ಹಾಕಿ ರಜಿಸ್ಟರ್‌ನ್ಯಾಗ ಟಿಕ್ ಹೊಡದ್ರ ಮುಗೀತೇನು? ಕಂತ್ರಾಟದಾರನ್ನ ಕೇಳಿದ್ರ ದವಾಖಾನಿ ಮಾಡಬೇಕು ಅಂತಾನ, ದವಾಖಾನ್ಯಾಗ ಕಂತ್ರಾಟದಾರ ಮಾಡಬೇಕು ಅಂತಾರ, ರಕ್ತ ಮಾತ್ರ ನಮ್ಮದು.

ಆಂಟಿ-ಎಚ್‌ಬಿಎಸ್ ಟೆಸ್ಟ್ ಜಿಲ್ಲಾ ಮಟ್ಟದಾಗ ಪುಕ್ಕಟ ಮಾಡಸ್ರಿ. ಹೊರಗುತ್ತಿಗಿ ಇರಲಿ, ಪರ್ಮನೆಂಟ್ ಇರಲಿ, ಸೂಜಿ, ರಕ್ತ, ಕಸ ಮುಟ್ಟಾವರಿಗೆಲ್ಲ ಮಾಡಸ್ರಿ. ನಂಬರ್ ಅವರ ಕಾರ್ಡಿನ್ಯಾಗ ಬರದು ಕೊಡ್ರಿ. 10ರ ಮ್ಯಾಲ ಒಮ್ಮೆ ಬಂದ್ರ ಆರೋಗ್ಯ ಚಲೋ ಇದ್ದವರಿಗೆ ಮತ್ತ ಮತ್ತ ನೋಡೂ ಜರೂರಿಲ್ಲ, ಅಂದ್ರ ಖರ್ಚೂ ಒಂದ ಸಲದ್ದು. ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ದವಾಖಾನಿ ಫ್ರಿಜ್ಜಿನ್ಯಾಗ ಇಡಸ್ರಿ. ನಮ್ಮಾಕಿ ಈಗೂ ಅದ ಹಳದಿ ಚೀಲ ಕಟ್ಟಾಕ ಹೊಂಟಾಳ, ಟೆಸ್ಟ್ ಮಾಡಸೂ ಆದೇಶ ಈ ತಿಂಗಳದಾಗ ಹೊರಡಸ್ರಿ.

ಇಂತಿ,
ಸಫಾಯಿ ಕೆಲಸದಾಕಿ ಗಂಡ, ವಿಜಯಪುರ