ಬೆಂಕಿಯ ಬಾಣ ಬಿಡುವ ಮುನ್ನ

ಪ್ರೀತಿಯ ತಮ್ಮನಿಗೆ,

ನಿನ್ನ ಕಾದಂಬರಿಯ ಕರಡು ಕೈಸೇರಿ ಹದಿನೈದು ದಿನವಾಯಿತು. ಎರಡು ಸಲ ಓದಿದೆ. ಮೌರ್ಯರ ಕಾಲದ ಹೊಳೆದಂಡೆಯ ಪಟ್ಟಣ, ಅಲ್ಲಿ ಕಣಜ ಕಾಯುವ ಹೆಂಗಸು, ಹೊರಗೆ ಮುತ್ತಿಗೆ ಹಾಕಿ ಕೂತ ದಂಡು. ಭತ್ತ ಅಳೆಯುವಾಗ ಆಕೆ ಕೊಳಗದ ಅಂಚನ್ನು ಹೆಬ್ಬೆರಳಿನಿಂದ ಸವರುವ ಸಾಲು ಓದಿ, ಹಾಳೆ ಬದಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೋಡಿ ಬರೆದವನ ಸಾಲು ಅದು. ಹನ್ನೊಂದನೇ ಅಧ್ಯಾಯಕ್ಕೆ ಬಂದಾಗ ಆ ಕಣ್ಣು ನಿನ್ನ ಕೈಬಿಟ್ಟಿದೆ. ಸಾವಿರ ಬೆಂಕಿಬಾಣ ಒಟ್ಟಿಗೆ ಆಕಾಶಕ್ಕೇರುತ್ತವೆ, ಎಣ್ಣೆಯ ಗಡಿಗೆಗಳು ಗೋಡೆಗೆ ಬಡಿದು ಸ್ಫೋಟಿಸುತ್ತವೆ, ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಊರಿಗೆ ಊರೇ ಧಗಧಗ ಉರಿಯುತ್ತದೆ. ಇದೆಲ್ಲ ತೆರೆಯ ಮೇಲೆ ನೋಡಿ ಮನಸ್ಸಿಗೆ ಅಂಟಿಕೊಂಡದ್ದು ಅಂತ ನನಗನ್ನಿಸಿತು. ಅದಕ್ಕೇ ಈ ಪತ್ರ.

ಜಾತ್ರೆಯಲ್ಲಿ ದೀವಟಿಗೆ ಹಿಡಿಯುವವರನ್ನು ನೋಡಿದ್ದೀಯಲ್ಲ? ಅವರ ಪಕ್ಕದಲ್ಲಿ ಎಣ್ಣೆ ಹೊಯ್ಯಲಿಕ್ಕೆಂದೇ ಇನ್ನೊಬ್ಬ ನಡೆಯುತ್ತಿರುತ್ತಾನೆ. ನಾನು ಹುಡುಗನಾಗಿದ್ದಾಗ ಒಂದು ಸಲ ಪಂಜು ಹಿಡಿದು ಓಡಿದ್ದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಜ್ವಾಲೆ ಹಿಂದಕ್ಕೆ ಮಲಗಿ, ಕುಗ್ಗಿ, ಬರೀ ಹೊಗೆಯಾಯಿತು. ಹುಡುಗನ ಓಟಕ್ಕೇ ಹೀಗಾದರೆ, ಬಿಗಿದ ಬಿಲ್ಲಿನಿಂದ ಹಾರಿದ ಬಾಣದ ತುದಿಯಲ್ಲಿ ಕಿಚ್ಚು ಉಳಿಯುವುದು ಹೇಗೆ? ನಾಲ್ಕನೇ ಶತಮಾನದ ರೋಮನ್ ಸೈನ್ಯದಲ್ಲಿದ್ದ ಅಮ್ಮಿಯಾನಸ್ ಮಾರ್ಸೆಲ್ಲಿನಸ್ ಎಂಬ ಇತಿಹಾಸಕಾರ ಇದನ್ನು ಸರಿಯಾಗಿ ಬರೆದಿಟ್ಟಿದ್ದಾನೆ. ಬಾಣದ ಅಲಗಿಗೂ ಕಡ್ಡಿಗೂ ನಡುವೆ ನೂಲುವ ಕದಿರಿನಂತೆ ಉಬ್ಬಿದ, ಕಂಡಿ ಕಂಡಿಯಾದ ಕಬ್ಬಿಣದ ಗೂಡು. ಉರಿಯುವ ವಸ್ತು ಅದರೊಳಗೆ. ಬಿಲ್ಲನ್ನು ಸಡಿಲವಾಗಿ ಎಳೆದು ಮೆಲ್ಲಗೆ ಬಿಡಬೇಕು, ಜೋರಾಗಿ ಹಾರಿದರೆ ಬೆಂಕಿ ಆರಿಹೋಗುತ್ತದೆ ಎನ್ನುತ್ತಾನೆ. ನೀರು ಹೊಯ್ದರೆ ಇನ್ನೂ ಜೋರಾಗುತ್ತದೆ, ಮಣ್ಣೆರಚಿಯೇ ಆರಿಸಬೇಕು ಎಂದೂ ಸೇರಿಸುತ್ತಾನೆ.

ಮೆಲ್ಲಗೆ ಬಿಟ್ಟ ಬಾಣ ದೂರ ಹೋಗುವುದಿಲ್ಲ. ಅಂದರೆ ನಿನ್ನ ಬಿಲ್ಲುಗಾರ ಗೋಡೆಯ ಹತ್ತಿರ, ಮೇಲಿನವರ ಕಲ್ಲಿಗೂ ಬಾಣಕ್ಕೂ ಸಿಗುವಷ್ಟು ಹತ್ತಿರ ಬರಲೇಬೇಕು. ಕತ್ತಲಲ್ಲಿ ಅವನ ಕೈಯಲ್ಲೇ ಬೆಳಕಿದೆ, ಶತ್ರುವಿಗೆ ಅವನೇ ಗುರಿ. ನೋಡು, ಸಾವಿರ ಬಾಣಗಳ ಬದಲು ಇಂಥ ಒಬ್ಬನೇ ಮನುಷ್ಯ ಸಿಕ್ಕಿದರೂ ನಿನ್ನ ಅಧ್ಯಾಯ ಎದ್ದು ನಿಲ್ಲುತ್ತದೆ.

ಇನ್ನು ‘ಸ್ಫೋಟಿಸಿತು’ ಎಂಬ ಮಾತು. ಅದನ್ನು ದಯವಿಟ್ಟು ತೆಗೆದುಬಿಡು. ಸಿಡಿಯಬೇಕಾದರೆ ಗಂಧಕ, ಇದ್ದಿಲಿನ ಜೊತೆಗೆ ಪೆಟ್ಲುಪ್ಪು ಸೇರಬೇಕು. ಆ ಕೂಡಿಕೆ ಚೀನಾದಲ್ಲಿ ಒಂಬತ್ತನೇ ಶತಮಾನದ ಹೊತ್ತಿಗೆ ಗೊತ್ತಾಯಿತು. ಯುದ್ಧಕ್ಕೆಂದು ಅದರ ಪಾಕವನ್ನು ಬರೆದಿಟ್ಟ ಅಲ್ಲಿನ ಗ್ರಂಥ 1044ರದು. ನಿನ್ನ ಕಥೆ ನಡೆಯುವುದು ಅದಕ್ಕಿಂತ ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ. ನಿನ್ನ ದಳಪತಿ ‘ಮದ್ದಿಗೆ ಕಿಡಿ ತಾಗಿಸಿ’ ಎಂದು ಕೂಗುತ್ತಾನೆ. ಅವನ ಕಾಲದಲ್ಲಿ ವೈದ್ಯರ ಹತ್ತಿರ ಮಾತ್ರ ಮದ್ದು ಇದ್ದೀತು.

ಹಾಗಾದರೆ ಅವರ ಕೈಯಲ್ಲಿ ಏನಿತ್ತು? ಇದಕ್ಕೆ ಉತ್ತರ ನಮ್ಮ ಮೈಸೂರಿನಿಂದಲೇ ಹೊರಬಂದದ್ದು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅದರ ಹದಿಮೂರನೇ ಅಧಿಕರಣ ಕೋಟೆ ಹಿಡಿಯುವ ಉಪಾಯಗಳದ್ದು. ಅಲ್ಲಿ ಬೆಂಕಿಯ ಪಾಕಗಳಿವೆ. ಒಂದರಲ್ಲಿ ದೇವದಾರು, ಗುಗ್ಗುಳ, ರಾಳ, ಅರಗು ಸೇರಿಸಿದ ಉಂಡೆಗಳು, ಜೊತೆಗೆ ಕತ್ತೆ ಒಂಟೆಗಳ ಲದ್ದಿ, ಆಡು ಕುರಿಗಳ ಹಿಕ್ಕೆ. ಇದಕ್ಕೆ ಅಗ್ನಿಧಾರಣ ಎಂದು ಹೆಸರು, ಬೆಂಕಿಯನ್ನು ಹಿಡಿದಿಟ್ಟುಕೊಳ್ಳುವುದು ಎಂದರ್ಥ. ಬೆರಣಿಯ ಕೆಂಡವನ್ನು ಬೂದಿಯಡಿ ಮುಚ್ಚಿಟ್ಟು ಬೆಳಿಗ್ಗೆ ಒಲೆ ಹಚ್ಚುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಭುಗ್ಗೆಂದು ಎದ್ದು ಆರುವುದರಿಂದ ಊರು ಸುಡುವುದಿಲ್ಲ. ಒಣಹುಲ್ಲಿನ ಮಾಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತು, ನಿಧಾನವಾಗಿ ಕಚ್ಚಿಕೊಳ್ಳುವ ಕಿಚ್ಚೇ ಊರನ್ನು ಸುಡುವುದು.

ಈ ಪದಾರ್ಥಗಳಿಗೆಲ್ಲ ವಾಸನೆಯಿದೆ. ಅರಗಿನ ಮನೆಯ ಕಥೆ ನೆನಪಿಸಿಕೊ. ಸೆಣಬು, ರಾಳ, ಎಣ್ಣೆ, ತುಪ್ಪ, ಅರಗುಗಳನ್ನು ಮಣ್ಣಿಗೆ ಕಲಸಿ ಗೋಡೆಗೆ ಬಳಿದಿರುತ್ತಾರೆ. ಒಳಗೆ ಕಾಲಿಟ್ಟ ಧರ್ಮರಾಯ ಆ ವಾಸನೆಯಿಂದಲೇ ಸಂಚು ಕಂಡುಹಿಡಿಯುತ್ತಾನೆ. ನಿನ್ನ ಹನ್ನೊಂದನೇ ಅಧ್ಯಾಯದಲ್ಲಿ ಬಣ್ಣ ಇದೆ, ಸದ್ದು ಇದೆ, ಮೂಗಿಗೆ ಮಾತ್ರ ಏನೂ ಕೊಟ್ಟಿಲ್ಲ. ಗಾಳಿಯಲ್ಲಿ ತೇಲಿಬಂದ ಗುಗ್ಗುಳದ ಹೊಗೆಯನ್ನು ಕಣಜದ ಹೆಂಗಸು ಮೊದಲು ದೇವಸ್ಥಾನದ್ದು ಎಂದುಕೊಳ್ಳಬಹುದಲ್ಲ?

ಅದೇ ಗ್ರಂಥದಲ್ಲಿ ಹಕ್ಕಿಗಳ ಉಪಾಯವೂ ಇದೆ. ಕೋಟೆಯೊಳಗೆ ಗೂಡು ಕಟ್ಟಿದ ಗಿಡುಗ, ಕಾಗೆ, ಗಿಣಿ, ಗೂಬೆ, ಪಾರಿವಾಳಗಳನ್ನು ಹಿಡಿದು, ಬಾಲಕ್ಕೆ ಬೆಂಕಿಯ ಪಾಕ ಕಟ್ಟಿ ಬಿಡಬೇಕು ಎನ್ನುತ್ತದೆ. ನೀನು ಇದನ್ನು ನಡೆದ ಘಟನೆಯೆಂದೇ ಬರೆದಿದ್ದೀಯ. ಇಲ್ಲಿ ಹುಷಾರಾಗಿರಬೇಕು. ಅರ್ಥಶಾಸ್ತ್ರ ಹೀಗೆ ಮಾಡಬೇಕು ಎಂದು ಹೇಳುವ ಗ್ರಂಥ. ಇಂಥ ವರ್ಷ ಇಂಥ ಊರನ್ನು ಹೀಗೆ ಸುಟ್ಟರು ಎಂಬ ವರದಿ ಅದರಲ್ಲಿಲ್ಲ. ಅದರ ಈಗಿನ ರೂಪ ಮೌರ್ಯರ ನಂತರದ್ದು ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಮೇಲಾಗಿ ಈ ಕಥೆಗೆ ಊರೂರಲ್ಲೂ ನೆಂಟರಿದ್ದಾರೆ. ಕೀವ್‌ನ ರಾಣಿ ಓಲ್ಗಾ 946ರಲ್ಲಿ ಪಾರಿವಾಳ, ಗುಬ್ಬಿಗಳ ಕಾಲಿಗೆ ಗಂಧಕ ಕಟ್ಟಿ ಶತ್ರುಗಳ ಪಟ್ಟಣ ಸುಟ್ಟಳೆಂದು ಅಲ್ಲಿನ ಹಳೆಯ ವೃತ್ತಾಂತ ಹೇಳುತ್ತದೆ. ಬೈಬಲ್ಲಿನ ಸಂಸೋನ ಮುನ್ನೂರು ನರಿಗಳ ಬಾಲಕ್ಕೆ ಪಂಜು ಕಟ್ಟುತ್ತಾನೆ. ನಿಜವಾಗಿ ಪ್ರಯೋಗ ಮಾಡಿ ನೋಡಿದವರು ಅಮೆರಿಕದವರು, 1943ರಲ್ಲಿ, ಬಾವಲಿಗಳಿಗೆ ಪುಟ್ಟ ಬೆಂಕಿಬಾಂಬು ಕಟ್ಟಿ. ತಪ್ಪಿಸಿಕೊಂಡ ಬಾವಲಿಗಳು ಅವರದೇ ವಿಮಾನನೆಲೆಯ ಕಟ್ಟಡಗಳನ್ನು ಸುಟ್ಟವು. ಹಕ್ಕಿಯ ಉಪಾಯವನ್ನು ನಿನ್ನ ದಂಡಿನ ಯಾರಾದರೊಬ್ಬ ಮುದುಕ ರಾತ್ರಿ ಕಥೆಯಾಗಿ ಹೇಳಲಿ, ಕೇಳಿದವರು ನಂಬಲಿ, ಬಿಡಲಿ. ಆಗ ಅದು ಸತ್ಯವಾಗಿ ಕೂರುತ್ತದೆ.

ಆಗ್ನೇಯಾಸ್ತ್ರವನ್ನು ಯಂತ್ರವಾಗಿ ಬಿಡಿಸಿ ಹೇಳಿದ ಎರಡು ಪುಟಗಳನ್ನು ತೆಗೆದರೆ ಒಳ್ಳೆಯದು. ಗಮಕಿಗಳ ಬಾಯಲ್ಲಿ ಭಾರತ ಕೇಳಿ ಬೆಳೆದ ನನಗೆ ಆ ಅಸ್ತ್ರದ ಮೇಲೆ ಅಪಾರ ಪ್ರೀತಿಯಿದೆ. ಮಂತ್ರದಿಂದ ಏಳುವ ಅಗ್ನಿ ಅದು, ಅದನ್ನು ಪೀಪಾಯಿಗೂ ಕೊಳವೆಗೂ ಇಳಿಸಿದರೆ ಕಾವ್ಯವೂ ಹಾಳು, ಇತಿಹಾಸವೂ ಹಾಳು. 1880ರಲ್ಲಿ ಮದರಾಸಿನ ಸಂಸ್ಕೃತ ಪ್ರಾಧ್ಯಾಪಕ ಗುಸ್ತಾವ್ ಆಪರ್ಟ್ ಪ್ರಾಚೀನ ಭಾರತದಲ್ಲಿ ಬಂದೂಕಿನ ಮದ್ದು ಇತ್ತೆಂದು ವಾದಿಸಿದರು. ಅವರು ನೆಚ್ಚಿಕೊಂಡಿದ್ದ ಶುಕ್ರನೀತಿ ಎಂಬ ರಾಜನೀತಿ ಗ್ರಂಥದ ಆ ಭಾಗಗಳು ತೀರ ಈಚಿನವೆಂದು ಆಮೇಲೆ ತಿಳಿಯಿತು.

ಬೆಂಕಿ ಇಟ್ಟವರ ಬಗ್ಗೆ ಎಂಟು ಪುಟ ಬರೆದಿದ್ದೀಯ. ಆರಿಸಿದವರು ಒಂದು ಸಾಲಿನಲ್ಲೂ ಇಲ್ಲ. ನನ್ನ ಮುಖ್ಯ ಮಾತು ಇದೇ. ಕ್ರಿ.ಪೂ. 701ರಲ್ಲಿ ಅಸ್ಸೀರಿಯದವರು ಲಾಖೀಶ್ ಪಟ್ಟಣವನ್ನು ಮುತ್ತಿದ ಕಲ್ಲಿನ ಉಬ್ಬುಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗೋಡೆಯ ಮೇಲಿನವರು ಉರಿಯುವ ಪಂಜುಗಳನ್ನು ಕೆಳಗೆ ಎಸೆಯುತ್ತಿದ್ದಾರೆ. ಕೋಟೆ ಕೆಡಹುವ ಯಂತ್ರದೊಳಗಿನ ಸೈನಿಕನೊಬ್ಬ ಉದ್ದ ಹಿಡಿಯ ಸೌಟಿನಿಂದ ಅದರ ಮೂತಿಯ ಮೇಲೆ ನೀರು ಹೊಯ್ಯುತ್ತಿದ್ದಾನೆ. ಎರಡು ಸಾವಿರದ ಏಳು ನೂರು ವರ್ಷದಿಂದ ಹೊಯ್ಯುತ್ತಲೇ ಇದ್ದಾನೆ. ಅಷ್ಟು ದೊಡ್ಡ ಯುದ್ಧದ ಚಿತ್ರದಲ್ಲಿ ಶಿಲ್ಪಿಗೆ ಆ ಸೌಟು ಬಿಡಲಾಗದಷ್ಟು ಮುಖ್ಯವಾಗಿತ್ತು.

ನಿನ್ನ ಪಟ್ಟಣಕ್ಕೂ ಮರದ ಗೋಡೆ ಕಟ್ಟಿದ್ದೀಯ. ಅದು ಸರಿಯಾಗಿದೆ. ಪಾಟಲಿಪುತ್ರಕ್ಕೆ 64 ಬಾಗಿಲು, 570 ಬುರುಜುಗಳ ಮರದ ಕೋಟೆಯಿತ್ತೆಂದು ಮೆಗಸ್ತನೀಸ್ ಬರೆದದ್ದು ಗ್ರೀಕರ ಗ್ರಂಥಗಳಲ್ಲಿ ಉಳಿದಿದೆ, ಪಟ್ನಾದ ಬುಲಂದಿಬಾಗ್‌ನಲ್ಲಿ ಅಗೆದಾಗ ಮರದ ದಿಮ್ಮಿಗಳ ಸಾಲೇ ಸಿಕ್ಕಿತು. ಕೌಟಿಲ್ಯ ಮಾತ್ರ ಮರದ ಕೋಟೆ ಬೇಡ, ಅದರಲ್ಲಿ ಅಗ್ನಿ ಹೊಂಚುಹಾಕಿ ವಾಸಿಸುತ್ತಾನೆ ಎನ್ನುತ್ತಾನೆ. ಆ ಒಂದು ಮಾತಿಗಾಗಿ ನಾನು ಹತ್ತು ಯುದ್ಧವರ್ಣನೆಗಳನ್ನು ಬಿಟ್ಟುಕೊಡಬಲ್ಲೆ. ಅವನ ನಗರದಲ್ಲಿ ಪ್ರತಿ ಮನೆಯವರೂ ನೀರಿನ ಪಾತ್ರೆ, ಏಣಿ, ಕೊಡಲಿ, ಕೊಕ್ಕೆ, ಮೊರ, ಚರ್ಮದ ಚೀಲ ಇಟ್ಟುಕೊಂಡಿರಬೇಕು. ಬೀದಿಗಳಲ್ಲಿ, ಚೌಕಗಳಲ್ಲಿ, ಬಾಗಿಲುಗಳಲ್ಲಿ ಸಾವಿರಗಟ್ಟಲೆ ಕೊಡಗಳು ಸಾಲಾಗಿ ನಿಂತಿರಬೇಕು. ಬೆಂಕಿ ಬಿದ್ದಾಗ ಓಡಿಬರದ ಮನೆಯೊಡೆಯನಿಗೆ ಹನ್ನೆರಡು ಪಣ ದಂಡ, ಬಾಡಿಗೆಗಿದ್ದವನಿಗೆ ಆರು. ಕಣಜದ ಹೆಂಗಸು ಬಾಡಿಗೆ ಮನೆಯವಳೋ, ಸ್ವಂತ ಮನೆಯವಳೋ? ನೀನು ಎಲ್ಲೂ ಹೇಳಿಲ್ಲ.

ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯ ಹುಲ್ಲಿನ ಬಣವೆ ಬೇಸಗೆಯ ಮಧ್ಯಾಹ್ನ ಹೊತ್ತಿಕೊಂಡಿತು. ಬಾವಿಯಿಂದ ಬಣವೆಯವರೆಗೆ ಜನ ಸಾಲು ನಿಂತು ಕೊಡ ದಾಟಿಸಿದರು. ಹೊಗೆಯಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ, ತುಂಬಿದ ಕೊಡ ಬರುತ್ತಿತ್ತು, ಖಾಲಿ ಕೊಡ ಹೋಗುತ್ತಿತ್ತು. ಗಾಳಿ ತಿರುಗಿದ್ದರಿಂದ ನಮ್ಮ ಮನೆ ಉಳಿಯಿತು. ಕ್ರಿ.ಪೂ. 429ರಲ್ಲಿ ಪ್ಲಟೀಯ ಎಂಬ ಗ್ರೀಕ್ ಊರನ್ನು ಮುತ್ತಿದವರು ಗೋಡೆಯ ಬುಡಕ್ಕೆ ಸೌದೆ ಹೊರೆಗಳನ್ನು ಸುರಿದು, ಗಂಧಕ, ರಾಳ ಹಾಕಿ ಹಚ್ಚಿದರು. ಅದುವರೆಗೆ ಮನುಷ್ಯರು ಹಚ್ಚಿದ ಬೆಂಕಿಗಳಲ್ಲಿ ಅಷ್ಟು ದೊಡ್ಡದನ್ನು ಯಾರೂ ಕಂಡಿರಲಿಲ್ಲ ಎಂದು ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆಯುತ್ತಾನೆ. ಆದರೂ ಊರು ಸುಡಲಿಲ್ಲ. ಬೇಕಾದ ಕಡೆಯಿಂದ ಗಾಳಿ ಬೀಸಲೇ ಇಲ್ಲ, ಗುಡುಗು ಮಳೆ ಬಂದು ಆರಿಸಿತೆಂದೂ ಹೇಳುತ್ತಾರೆ. ನಿನ್ನ ಅಧ್ಯಾಯದಲ್ಲಿ ಗಾಳಿಯ ಹೆಸರೇ ಇಲ್ಲ ತಮ್ಮಾ. ಆ ದಳಪತಿ ಮೂರು ದಿನ ಆಕಾಶ ನೋಡುತ್ತಾ ಕಾಯಲಿ.

ಇನ್ನೊಂದು ಮಾತು ಕೌಟಿಲ್ಯನದೇ ಇದೆ. ಕಾದಾಡಿ ಗೆಲ್ಲುವ ಸಾಧ್ಯತೆ ಇದ್ದರೆ ಬೆಂಕಿ ಬಿಡಬಾರದು, ಅಗ್ನಿಯನ್ನು ನಂಬಲಾಗದು, ಲೆಕ್ಕವಿಲ್ಲದಷ್ಟು ಜನ, ಧಾನ್ಯ, ದನಕರು, ಹೊನ್ನನ್ನು ಅದು ನುಂಗುತ್ತದೆ, ಕಣಜ ಬರಿದಾದ ರಾಜ್ಯ ಕೈಗೆ ಸಿಕ್ಕಿದರೂ ನಷ್ಟವೇ ಎನ್ನುತ್ತಾನೆ. ಇದನ್ನು ದಯೆಯಿಂದ ಹೇಳಿದನೋ ಲೆಕ್ಕ ಹಾಕಿ ಹೇಳಿದನೋ, ನೀನು ಯೋಚಿಸು. ನಿನ್ನ ಕಾದಂಬರಿಯ ನಡುಮಧ್ಯೆ ಇರುವುದು ಒಂದು ಕಣಜ ಎಂಬುದನ್ನು ಮರೆಯದೆ ಯೋಚಿಸು. ಹೊರಗಿನವರಿಗೂ ಆ ಭತ್ತ ಬೇಕು.

ಹನ್ನೊಂದನೇ ಅಧ್ಯಾಯವನ್ನು ಪೂರ್ತಿ ಬದಿಗಿಟ್ಟು ಹೊಸದಾಗಿ ಬರೆ. ಯುಗಾದಿಯ ಹೊತ್ತಿಗೆ ಕಳಿಸಿದರೆ ಸಾಕು, ಅವಸರವಿಲ್ಲ. ಬರೆಯಲು ಕೂರುವ ಮೊದಲು ಒಂದು ಸಂಜೆ ಅಂಗಳದಲ್ಲಿ ನಿಂತು, ಚಿಟಿಕೆ ರಾಳವನ್ನು ಕೆಂಡಕ್ಕೆ ಹಾಕಿ ನೋಡು. ಪಕ್ಕದಲ್ಲಿ ಒಂದು ಕೊಡ ನೀರೂ ಒಂದು ಬುಟ್ಟಿ ಮಣ್ಣೂ ಇರಲಿ.

ನಿನ್ನ ಅಣ್ಣ